ಮೀಸಲು ಕೋಳಿಯ ಬಿಳಿ ಮರಿಗಳು

ನಮ್ಮ ಹಿತ್ತಿಲಿನಲ್ಲಿ ಕೊನೆಯದಾಗಿ ಕಾವಿಗೆ ಕೂತ ಕೋಳಿ ಕಂದು ಬಣ್ಣದ್ದು. ಕತ್ತಿನ ಸುತ್ತ ಹೊಂಬಣ್ಣದ ಗರಿ, ಒಂದು ಕಾಲಿಗೆ ಅರಿಶಿನದ ದಾರ. ಅದು ನನ್ನ ಸೋದರತ್ತೆಯ ಕೋಳಿ. ಅದರ ಹೊಟ್ಟೆಯ ಒಂದು ಹ್ಯಾಟೆ, ಅಂದರೆ ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೆಣ್ಣುಕೋಳಿ, ಮನೆಯಲ್ಲಿ ಉಳಿಯಬೇಕು ಎನ್ನುವುದೊಂದೇ ಆ ವರ್ಷ ಅತ್ತೆಗಿದ್ದ ಆಸೆ. ಉಳಿಯಲಿಲ್ಲ. ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಎಲ್ಲರೂ ತಮಗೆ ಸರಿ ಕಂಡದ್ದನ್ನೇ ಮಾಡಿದರು. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಅರವತ್ತರ ದಶಕದ ಆರಂಭ. ಜಯನಗರದ ಅಂಚಿಗೆ ಸೇರಿಕೊಂಡಿದ್ದ ಹಳ್ಳಿಯಲ್ಲಿ ನಮ್ಮ ಮನೆ. ಹೊಲ ಬಡಾವಣೆಗೆ ಹೋಗಿತ್ತು. ಮನೆ ಮತ್ತು ಹಿತ್ತಿಲು ಉಳಿದಿದ್ದವು. ಬೇಲಿಯಾಚೆ ಅಗಲವಾದ ಮಣ್ಣಿನ ರಸ್ತೆಗಳು ನೇರವಾಗಿ ಹೋಗಿ ಎಲ್ಲಿಗೂ ಮುಟ್ಟದೆ ನಿಂತುಬಿಡುತ್ತಿದ್ದವು. ಸೈಟು ಕಲ್ಲುಗಳ ನಡುವೆ ಹುರುಳಿ ತಾನಾಗಿ ಹುಟ್ಟಿ ಒಣಗುತ್ತಿತ್ತು. ಬಿಲ್ಡಿಂಗ್ ಕೆಲಸದವರು ಗಾರೆ ಕಲೆಸುವ ಸದ್ದು ಬೆಳಿಗ್ಗೆಯೇ ಶುರುವಾಗುತ್ತಿತ್ತು. ಅಪ್ಪ ಸಿಟಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಲಾಲ್‌ಬಾಗಿನ ಪಕ್ಕದಲ್ಲಿ ಸೈಕಲ್ ತುಳಿದು ಹೋಗಿ ಬರುತ್ತಿದ್ದರು. ನಮ್ಮ ಬೀದಿಗೆ ಇನ್ನೂ ಕರೆಂಟು ಬಂದಿರಲಿಲ್ಲ.

ಅತ್ತೆ ಅಪ್ಪನ ಅಕ್ಕ. ಸುಬ್ರಹ್ಮಣ್ಯಪುರದ ಆಚೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮೈದುನರು ಹೊಲದ ಮಾತೆತ್ತುವ ಮೊದಲೇ ಅವರು ಎದ್ದು ತವರಿಗೆ ಬಂದರು. ಬರುವಾಗ ಒಂದು ಟ್ರಂಕು, ಒಂದು ಹಿತ್ತಾಳೆ ಚೊಂಬು, ಬುಟ್ಟಿಯಲ್ಲಿ ಒಂದು ಕೋಳಿ. ಆ ಕೋಳಿಯನ್ನು ನಾನು ನೋಡಿಲ್ಲ. ಅದರ ಮಕ್ಕಳು ಮೊಮ್ಮಕ್ಕಳನ್ನು ನೋಡಿದ್ದೇನೆ. ಎಲ್ಲವಕ್ಕೂ ಕತ್ತಿನ ಗರಿ ಹೊಂಬಣ್ಣ. ಗಂಡನ ಮನೆಯದು ಅಂತ ಅತ್ತೆಗೆ ಉಳಿದಿದ್ದ ಜೀವಂತ ವಸ್ತು ಈ ಸಂತತಿಯೊಂದೇ. ಅವರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ನಮ್ಮನೆ ಕೋಳಿ" ಎನ್ನುತ್ತಿದ್ದರು, ಅಷ್ಟೆ. ಆ 'ನಮ್ಮನೆ' ಯಾವ ಮನೆ ಎಂದು ನಮಗೆ ಗೊತ್ತಿತ್ತು.

ನಾನು ಹೇಳುತ್ತಿರುವ ವರ್ಷಕ್ಕೆ ಹಿಂದಿನ ವರ್ಷ ಊರಿಗೆ ಕೋಳಿ ಜಡ್ಡು ಬಂತು. ಹಸಿರು ಹಿಕ್ಕೆ ಹಾಕಿ, ಕೊಕ್ಕು ತೆರೆದು ಉಸಿರಿಗೆ ಒದ್ದಾಡಿ, ಕೊನೆಗೆ ಕತ್ತು ತಿರುಚಿಕೊಂಡು ಬೀಳುವ ರೋಗ. ಅಪ್ಪ ಅದಕ್ಕೆ ಕೊಕ್ಕರೆ ರೋಗ ಎನ್ನುತ್ತಾರೆ ಎಂದು ಕಚೇರಿಯಲ್ಲಿ ಕೇಳಿಕೊಂಡು ಬಂದರು. ನಮ್ಮ ಬೀದಿಯ ಕೋಳಿಗೂಡುಗಳೆಲ್ಲ ಖಾಲಿಯಾದವು. ಜಡ್ಡಿನ ಸುದ್ದಿ ಬಂದ ಕೂಡಲೇ ಅತ್ತೆ ಒಂದು ಕೋಳಿಯನ್ನು ಹಿಡಿದು, ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿ ಕವುಚಿ ಹಾಕಿದರು. ಅದರ ಕಾಲಿಗೆ ಅರಿಶಿನದ ದಾರ ಕಟ್ಟಿ, ಇದೊಂದು ಉಳಿದರೆ ಮಾರಮ್ಮನಿಗೆ ಮೀಸಲು ಎಂದು ಹರಸಿಕೊಂಡರು. ಹೊರಗಿದ್ದ ಕೋಳಿಗಳೆಲ್ಲ ಸತ್ತವು. ಬುಟ್ಟಿಯಲ್ಲಿದ್ದದ್ದು ಉಳಿಯಿತು.

"ಅಮ್ಮ ಕಾಪಾಡಿದಳು" ಎಂದರು ಅತ್ತೆ.

"ಬುಟ್ಟಿ ಕಾಪಾಡ್ತು ಕಣಕ್ಕ" ಎಂದರು ಅಪ್ಪ.

"ಬುಟ್ಟಿ ಹಾಕು ಅಂತ ಬುದ್ಧಿ ಕೊಟ್ಟೋರು ಯಾರಪ್ಪ, ನಿನ್ನ ಆಫೀಸರ್ರೇ?"

ಅಮ್ಮ ಒಲೆಯ ಮುಂದೆ ಕೂತು ನಕ್ಕರು.

ಮೀಸಲು ಎಂದರೆ ನಮ್ಮ ಕಡೆ ನಿಯಮ ಸ್ಪಷ್ಟ. ಆ ಕೋಳಿಯನ್ನು ಕೊಯ್ಯುವ ಹಾಗಿಲ್ಲ, ಮಾರುವ ಹಾಗಿಲ್ಲ. ಅದರ ಮೈಯಿಂದ ಒಂದು ತೊಟ್ಟು ರಕ್ತ ಬರಿಸುವ ಹಾಗಿಲ್ಲ. ತಾನಾಗಿ ಸಾಯುವವರೆಗೆ ಅದು ದೇವಿಯದು. ಮೊಟ್ಟೆ, ಮರಿ ಮಾತ್ರ ಮನೆಯವರದು.

ಸಂಕ್ರಾಂತಿ ಕಳೆದ ಮೇಲೆ ಆ ಕೋಳಿ ಕಾವಿಗೆ ಕೂತಿತು. ಅತ್ತೆ ಹಳೆಯ ಬಿದಿರಿನ ಮಂಕರಿಯಲ್ಲಿ ಒಲೆಯ ಬೂದಿ ಹರಡಿ, ಮೇಲೆ ರಾಗಿ ಹುಲ್ಲು ಹಾಸಿ ಮೊಟ್ಟೆ ಇಟ್ಟರು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಒಂದು ತುಂಡು ಇದ್ದಿಲು, ಒಂದು ತುಕ್ಕು ಮೊಳೆ. ಚಳಿಗಾಲದಲ್ಲಿ ಗುಡುಗು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದೆ. "ಬಂದ್ರೆ?" ಎಂದರು. ಜಡ್ಡು ಇಳಿದ ಮೇಲೆ ಪಕ್ಕದ ಮನೆಯಾಕೆ ತನ್ನ ತಂಗಿಯ ಊರಿನಿಂದ ಒಂದು ಮರಿಹುಂಜ ತಂದು ಸಾಕಿದ್ದಳು. ಅದು ಬೇಲಿ ಹಾರಿ ಬರುತ್ತಿತ್ತು. ಹಾಗಾಗಿ ಮೊಟ್ಟೆಗಳು ಜೀವದ ಮೊಟ್ಟೆಗಳೇ. ಅತ್ತೆ ಸಂಜೆ ದೀಪದ ಮುಂದೆ ಒಂದೊಂದನ್ನೇ ಹಿಡಿದು, ಒಳಗೆ ಹರಡಿದ್ದ ಕೆಂಪು ನರ ತೋರಿಸಿದರು. "ಇದರಲ್ಲಿ ಒಂದಾದರೂ ಹ್ಯಾಟೆ ಆಗ್ಲಿ. ತಾಯಿ ಮೀಸಲು, ಮಗಳು ನನ್ನೋಳು."

ಅಪ್ಪ ಇದಕ್ಕೂ ಮೊದಲೇ ಸರ್ಕಾರಿ ಕೋಳಿ ಫಾರಮ್ಮಿಗೆ ಅರ್ಜಿ ಹಾಕಿದ್ದರು. ಜಡ್ಡಿನಲ್ಲಿ ಅಕ್ಕನ ಗೂಡು ಖಾಲಿಯಾದದ್ದನ್ನು ನೋಡಿ ಅವರಿಗೆ ಬೇಜಾರಾಗಿತ್ತು. ಮಕ್ಕಳಿಗೆ ದಿನಾ ಮೊಟ್ಟೆ ಸಿಗಲಿ ಎಂದೂ ಇತ್ತು. ಮರಿ ಕೊಡುವುದು ಯಾವಾಗ ಎಂದು ಫಾರಮ್ಮಿನವರು ಖಚಿತ ಹೇಳಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಕಚೇರಿಗೆ ಹೇಳಿಕಳಿಸಿದರು: ಇವತ್ತು ಬಂದರೆ ಇದೆ, ಇಲ್ಲದಿದ್ದರೆ ಬೇರೆಯವರಿಗೆ. ಅಪ್ಪ ಅರ್ಧ ದಿನ ರಜ ಹಾಕಿ, ಊರಿನ ಆ ತುದಿಗೆ ಸೈಕಲ್ ತುಳಿದು, ಸಂಜೆ ಹೊತ್ತಿಗೆ ಕ್ಯಾರಿಯರ್ ಮೇಲೆ ತೂತು ಹೊಡೆದ ರಟ್ಟಿನ ಡಬ್ಬಿ ಕಟ್ಟಿಕೊಂಡು ಬಂದರು.

ಅತ್ತೆ ಮುಚ್ಚಳ ತೆಗೆದು ನೋಡಿದರು.

"ಏನೋ ಇದು, ಉಪ್ಪಿನಕಾಯಿಗೆ ನಿಂಬೆಹಣ್ಣು ತಂದ್ಯಾ?"

"ಕೋಳಿಮರಿ ಕಣಕ್ಕ. ದೊಡ್ಡವಾದ ಮೇಲೆ ಬೆಳ್ಳಗಾಗ್ತವೆ. ಹುಟ್ಟಿದ ದಿನಾನೇ ಕಣ್ಣಿಗೆ ಔಷಧಿ ಬಿಟ್ಟವ್ರೆ. ಇವಕ್ಕೆ ಜಡ್ಡು ಬರಲ್ಲ."

"ತಾಯಿ?"

"ತಾಯಿ ಇಲ್ಲ. ಮಿಷನ್ನಲ್ಲಿ ಮರಿ ಮಾಡ್ತಾರೆ."

"ಒಳ್ಳೆ ಮಿಷನ್ನು. ಹೆತ್ತು ಹಾಕಿ ಕೈ ತೊಳ್ಕೊಂತು. ಬೆಚ್ಚಗೆ ಇಡೋರು ಯಾರು, ನೀನಾ?"

"ಅಲ್ಲಿ ಲೈಟ್ ಹಾಕಿಡ್ತಾರೆ. ನಮ್ಮಲ್ಲಿ ಲೈಟ್ ಎಲ್ಲಿದೆ. ನಿನ್ನ ಕೋಳಿ ಹೆಂಗೂ ಕಾವಿಗೆ ಕೂತಿದೆಯಲ್ಲ…"

ಅತ್ತೆ ಮುಚ್ಚಳ ಹಾಕಿದರು. "ಅವಳ ಮೊಟ್ಟೆ ಅರ್ಧ ಕಾವು ಆಗಿದೆ ಕಣೋ."

ವಿಷಯ ಇಷ್ಟೇ. ಮರಿ ಕೊಟ್ಟರೆ ಕೋಳಿ ತನ್ನ ಕಾವು ಮುಗಿಯಿತೆಂದು ತಿಳಿದು ಒಂದೆರಡು ದಿನದಲ್ಲಿ ಎದ್ದುಬಿಡುತ್ತದೆ. ಮೊಟ್ಟೆ ತಣ್ಣಗಾಗುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಅಮ್ಮ, "ಇನ್ನೊಂದು ಹತ್ತು ದಿವಸ ತಡೆದು ತಂದಿದ್ರೆ ಎರಡೂ ಆಗ್ತಿತ್ತು" ಎಂದರು. ಅಪ್ಪ ತಡೆಯುವುದು ತನ್ನ ಕೈಯಲ್ಲಿರಲಿಲ್ಲ ಎಂದರು. ನಿಜವೇ. ವಾಪಸು ಕೊಡಲು ಆಗುವುದಿಲ್ಲ ಎಂದೂ ಹೇಳಿದರು. ಅದೂ ನಿಜ.

"ಹೋದ ವರ್ಷ ಅಷ್ಟೂ ಸತ್ವು. ಅವಳ ಮರಿ ಆದ್ರೂ ಜಡ್ಡಿಗೆ ಉಳೀತಾವೆ ಅಂತ ಏನಕ್ಕ ಗ್ಯಾರಂಟಿ? ಇವು ಉಳೀತವೆ. ಮುಂದಿನ ಸಲ ಅವಳದೇ ಇಡೋಣ. ನನ್ನ ಮಾತು."

ಡಬ್ಬಿ ಜಗಲಿಯ ಮೇಲೆ ಇತ್ತು. ಬಿಸಿಲು ಹೋದ ಹಾಗೆ ಮರಿಗಳ ಸದ್ದು ಜೋರಾಯಿತು. ಮೊದಲು ಬಿಡಿಬಿಡಿಯಾಗಿದ್ದದ್ದು ಆಮೇಲೆ ಒಂದೇ ಸಮನೆ. ಅದು ಹಸಿವಿನ ಕೂಗಲ್ಲ, ಚಳಿಯ ಕೂಗು ಎಂದು ಅತ್ತೆಗೆ ಗೊತ್ತಿತ್ತು. ಅವರು ಒಳಗೆ ಹೋಗಿ ಬಂದರು, ಮತ್ತೆ ಹೋಗಿ ಬಂದರು. ಕೊನೆಗೆ ಡಬ್ಬಿ ಎತ್ತಿಕೊಂಡು, "ದೀಪ ಆರಿಸಿ, ಯಾರೂ ಮಾತಾಡಬೇಡಿ" ಎಂದರು.

ಮುಸ್ಸಂಜೆಯ ಅರೆಗತ್ತಲಿನಲ್ಲಿ ಅವರು ಒಂದು ಕೈಯಿಂದ ಕೋಳಿಯ ಎದೆ ಎತ್ತಿ, ಇನ್ನೊಂದು ಕೈಯಿಂದ ಮೊಟ್ಟೆ ತೆಗೆದು, ಅದೇ ಜಾಗಕ್ಕೆ ಮರಿ ಇಟ್ಟರು. ಒಂದು ಮೊಟ್ಟೆ ಈಚೆಗೆ, ಒಂದು ಮರಿ ಆಚೆಗೆ. ಕೋಳಿ ಗುರ್ ಎಂದಿತು. ಆಮೇಲೆ ಸದ್ದು ಬದಲಾಯಿತು; ಗಂಟಲಿನೊಳಗೆ ತಗ್ಗಿದ, ಸಣ್ಣ, ಬಿಡಿಬಿಡಿಯಾದ ಸದ್ದು. ಮರಿಗಳು ಸುಮ್ಮನಾದವು. "ಒಪ್ಕೊಂಡಳು" ಎಂದರು ಅತ್ತೆ. ಅಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ತೆಗೆದ ಮೊಟ್ಟೆಗಳನ್ನು ಅತ್ತೆ ರಾಗಿ ಹೊಟ್ಟಿನಲ್ಲಿ ಹುದುಗಿಸಿ ಒಲೆಯ ಪಕ್ಕ ಇಟ್ಟರು. ಕೈಯಲ್ಲಿ ಮುಟ್ಟಿ ನೋಡುತ್ತಾ, ತಣ್ಣಗೆ ಕಂಡಾಗ ಒಲೆಯ ಹತ್ತಿರ ಸರಿಸುತ್ತಾ ಕೆಲವು ದಿನ ಕಾದರು. ಒಂದು ಸಂಜೆ ದೀಪದ ಮುಂದೆ ಹಿಡಿದಾಗ ಕೆಂಪು ನರ ಕಾಣಲಿಲ್ಲ. ಹಿತ್ತಿಲ ನುಗ್ಗೆ ಮರದ ಬುಡದಲ್ಲಿ ಗುಣಿ ತೋಡಿ ಹಾಕಿದರು. ಆ ವಿಷಯ ಅಪ್ಪನ ಮುಂದೆ ಎತ್ತಲಿಲ್ಲ.

ಕೋಳಿಗೆ ಬಣ್ಣದ ಭೇದ ತಿಳಿಯಲಿಲ್ಲ. ನಿಂಬೆಹಳದಿ ಹೋಗಿ ಬಿಳಿ ಗರಿ ಮೂಡಿದರೂ ಅವು ಅದರವೇ. ಬಾಣಂತಿ ಕೋಳಿ ಹೇಗೆ ಮಾಡಬೇಕೋ ಹಾಗೆ ಮಾಡಿತು. ಅತ್ತೆ ಬೇಲಿಯಾಚೆ ಖಾಲಿ ಸೈಟಿನ ಹುತ್ತದ ಮೇಲೆ ಸಗಣಿ, ಹುಲ್ಲು ತುಂಬಿದ ಮಡಕೆ ಕವುಚಿಟ್ಟು, ಬೆಳಿಗ್ಗೆ ಅದರಲ್ಲಿ ಸೇರಿದ ಗೆದ್ದಲನ್ನು ತಂದು ಹಿತ್ತಿಲಿಗೆ ಸುರಿಯುತ್ತಿದ್ದರು. ಮರಿಗಳಿಗೆ ಅದು ತಿನ್ನುವ ವಸ್ತು ಎಂದು ಗೊತ್ತಿರಲಿಲ್ಲ. ಕೋಳಿ ಒಂದನ್ನು ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ಮತ್ತೆ ಎತ್ತಿ, ಕರೆಯಿತು. ಅವು ಕಲಿತವು. ಹದ್ದಿನ ನೆರಳು ಬಿದ್ದಾಗ ಕೋಳಿ ಒಂದು ಉದ್ದನೆಯ, ನಡುಗುವ ಸದ್ದು ಮಾಡುತ್ತಿತ್ತು. ಮರಿಗಳು ಬೇಲಿಯ ಲಂಟಾನದ ಕೆಳಗೆ ಕಲ್ಲಿನ ಹಾಗೆ ಮಲಗಿಬಿಡುತ್ತಿದ್ದವು. ಅದನ್ನೂ ಕಲಿತವು.

ಪಕ್ಕದ ಮನೆಯಾಕೆ ಬೇಲಿಯ ಮೇಲೆ ಗಲ್ಲ ಇಟ್ಟು ನೋಡುತ್ತಿದ್ದಳು. "ಏನಕ್ಕಾ, ನಿಮ್ಮ ಕೋಳಿ ಇಂಗ್ಲೀಷರ ಮಕ್ಕಳನ್ನ ಸಾಕ್ತಾ ಇದೆಯಲ್ಲ."

"ಸಾಕ್ಲಿ ಬಿಡು. ನಿನ್ನ ಹುಂಜದಂಗೆ ಊರೂರು ತಿರುಗಲ್ಲ ಇವು."

ಯುಗಾದಿಗೆ ಸ್ವಲ್ಪ ಮೊದಲು ಪಶು ಆಸ್ಪತ್ರೆಯ ಕಾಂಪೌಂಡರು ಬಂದರು. ಧಾರವಾಡದ ಕಡೆಯವರು, ಹಣೆಯಲ್ಲಿ ವಿಭೂತಿ. ಮರಿಗಳಿಗೆ ಬೆಳೆದ ಮೇಲೆ ಇನ್ನೊಂದು ಸಲ ಲಸಿಕೆ, ಈ ಸಲ ಸೂಜಿ, ಎಂದು ಫಾರಮ್ಮಿನಲ್ಲಿ ಹೇಳಿದ್ದರಿಂದ ಅಪ್ಪನೇ ಕರೆತಂದಿದ್ದರು. ಕಾಂಪೌಂಡರು ಜೀವನದಲ್ಲಿ ಮೊಟ್ಟೆ ತಿಂದವರಲ್ಲ. ಅತ್ತೆ ಅದನ್ನೇ ಹಿಡಿದುಕೊಂಡರು.

"ತಿನ್ನಲ್ಲ ಅಂತೀರ, ಮತ್ತೆ ಇಡೀ ದಿನ ಕೋಳಿ ಹಿಡೀತೀರ?"

"ತಿಂದ್ರ ಒಂದ ಹೊತ್ತು ಹಿಡೀತಿದ್ದೆ ಅಕ್ಕಾರ. ತಿನ್ನಂಗಿಲ್ಲ ಅಂತ ದಿನಾ ಹಿಡಿಯಾಕತ್ತೀನಿ."

ಅಪ್ಪ ಮರಿ ಹಿಡಿದು ಕೊಟ್ಟರು. ಕಾಂಪೌಂಡರು ರೆಕ್ಕೆ ಬಿಡಿಸಿ ಸೂಜಿ ಹಾಕಿದರು. ಚುಚ್ಚಿದ ಕಡೆ ಒಂದು ಸಣ್ಣ ಕೆಂಪು ಚುಕ್ಕೆ. ಬಿಳಿ ಗರಿಯ ಮೇಲೆ ಅದು ಎದ್ದು ಕಾಣುತ್ತಿತ್ತು. ಎಲ್ಲ ಮುಗಿದ ಮೇಲೆ ಅವರು ಕಂದು ಕೋಳಿಯನ್ನು ನೋಡಿ, "ತಾಯಿನ ಹಿಡೀರಿ" ಎಂದರು.

"ಅದು ಬೇಡ. ಮೀಸಲು" ಎಂದರು ಅತ್ತೆ.

"ಸೂಜಿ ಅಕ್ಕಾರ, ಕತ್ತಿ ಅಲ್ಲ."

"ರಕ್ತ ಬರ್ತದಲ್ಲ. ಈಗ ತಾನೇ ನೋಡಿದೆ."

ಕಾಂಪೌಂಡರು ಅಪ್ಪನ ಮುಖ ನೋಡಿದರು. ಅಪ್ಪ ಕೋಳಿಯ ಕಡೆ ಒಂದು ಹೆಜ್ಜೆ ಇಟ್ಟು ನಿಂತರು. ಅವರಿಗೆ ಮೀಸಲಿನಲ್ಲಿ ಅಂಥ ನಂಬಿಕೆ ಇರಲಿಲ್ಲ. ಆದರೆ ಮೊಟ್ಟೆಯ ವಿಷಯದಲ್ಲಿ ಅಕ್ಕ ಒಮ್ಮೆ ತನ್ನ ಮಾತು ಕೇಳಿದ್ದಳು. ಇನ್ನೊಮ್ಮೆ ಬಲವಂತ ಮಾಡುವುದು ಅವರಿಂದಾಗಲಿಲ್ಲ. "ಬಿಡಿ ಸ್ವಾಮಿ. ಸುತ್ತ ಇರೋವಕ್ಕೆಲ್ಲ ಹಾಕಿದ್ದೀರಲ್ಲ, ರೋಗ ಇನ್ನೆಲ್ಲಿ ಒಳಗೆ ಬರ್ತದೆ" ಎಂದರು. ಕಾಂಪೌಂಡರು ಬಂದರೂ ಬರಬಹುದು ಎಂದರು. ಕೈ ತೊಳೆದುಕೊಂಡು, ಕೊಟ್ಟ ಮಜ್ಜಿಗೆ ಕುಡಿದು ಹೋದರು.

ಆ ಹೊತ್ತಿಗೆ ಕೋಳಿ ಮರಿಗಳನ್ನು ಕುಕ್ಕಿ ದೂರ ಅಟ್ಟಲು ಶುರುಮಾಡಿತ್ತು. ಜುಟ್ಟು ಮತ್ತೆ ಕೆಂಪಗಾಗುತ್ತಿತ್ತು. ಇನ್ನು ಮೊಟ್ಟೆಗೆ ಬರುತ್ತದೆ ಎಂದು ಅತ್ತೆ ಮಂಕರಿಯನ್ನು ಬಿಸಿಲಿಗೆ ಹಾಕಿದರು, ಹೊಸ ಇದ್ದಿಲು ಆರಿಸಿಟ್ಟರು. ಅಪ್ಪ ಅದನ್ನು ನೋಡಿ, "ಈ ಸಲ ಅವಳದೇ" ಎಂದರು. ಅತ್ತೆ ತಲೆಯಾಡಿಸಿದರು.

ಯುಗಾದಿಯ ಮಾರನೇ ದಿನ ಹೊಸತೊಡಕು. ಹಬ್ಬದ ದಿನ ಒಬ್ಬಟ್ಟು ತಿಂದ ಮನೆಗಳಲ್ಲಿ ಮಾರನೇ ದಿನ ಮಾಂಸದ ಅಡುಗೆ. ಹಿಂದಿನ ವರ್ಷದ ಜಡ್ಡಿನಿಂದ ಊರಿನಲ್ಲಿ ಕೋಳಿ ಕಡಿಮೆಯಿದ್ದುದರಿಂದ ಎಲ್ಲರೂ ಹೊರಗಿನಿಂದ ತಂದರು. ಪಕ್ಕದ ಮನೆಯಾಕೆಯ ಗಂಡ ಬಿಳೇಕಹಳ್ಳಿಯ ಆಚೆಯಿಂದ ಕಾಲು ಕಟ್ಟಿದ ಕೋಳಿಗಳನ್ನು ಸೈಕಲ್ ಹ್ಯಾಂಡಲಿಗೆ ತೂಗುಹಾಕಿಕೊಂಡು ಬಂದ. ಹಬ್ಬಕ್ಕೆ ಒಂದೆರಡು ದಿನ ಮೊದಲೇ ತಂದು ಬೇಲಿಯ ಗೂಟಕ್ಕೆ ಕಟ್ಟಿದ್ದ. ಅವುಗಳಲ್ಲೊಂದು ತೂಕಡಿಸುತ್ತಿತ್ತು. ದಾರಿಯ ಬಿಸಿಲಿಗೆ ಹಾಗಾಗಿದೆ ಎಂದುಕೊಂಡರು. ನಾನೂ ನೋಡಿದೆ, ಅತ್ತೆಯೂ ನೋಡಿದರು. ಹಿಂದಿನ ವರ್ಷವಾಗಿದ್ದರೆ ಆ ಗಳಿಗೆಯಲ್ಲೇ ಬುಟ್ಟಿ ಕವುಚಿಬಿಡುತ್ತಿದ್ದರು. ಈ ಸಲ ಮನೆಯಲ್ಲಿ ಲಸಿಕೆ ಹಾಕಿಸಿಯಾಗಿತ್ತು. ಕಂದು ಕೋಳಿ ಬೇಲಿಯ ಬುಡದಲ್ಲಿ, ಆ ಕೋಳಿಗಳಿಗೆ ಹಾಕಿದ ಕಾಳು ಹೆಕ್ಕುತ್ತಿತ್ತು. ಅದನ್ನು ಯಾರೂ ಅಟ್ಟಲಿಲ್ಲ.

ಹಬ್ಬ ಕಳೆದು ವಾರದೊಳಗೆ ಪಕ್ಕದ ಮನೆಯ ಹುಂಜ ಸತ್ತಿತು. ಮರುದಿನ ನಮ್ಮ ಕೋಳಿ ರೆಕ್ಕೆ ಇಳಿಬಿಟ್ಟು ನಿಂತಿತ್ತು. ಆಗ ಅತ್ತೆ ಬುಟ್ಟಿ ತಂದರು. ಬೆಳ್ಳುಳ್ಳಿ, ಮೆಣಸು, ಅರಿಶಿನ ಅರೆದು ಬಾಯಿಗೆ ಹಾಕಿದರು. ಅಪ್ಪ ಕಚೇರಿಗೆ ಹೋಗದೆ ಪಶು ಆಸ್ಪತ್ರೆಗೆ ಓಡಿದರು. ರೋಗ ಬಂದ ಮೇಲೆ ಹಾಕುವುದು ಏನೂ ಇಲ್ಲ ಎಂದು ಹೇಳಿಸಿಕೊಂಡು ಬಂದರು. ಬಿಳಿ ಮರಿಗಳು ಬುಟ್ಟಿಯ ಸುತ್ತ ಓಡಾಡುತ್ತಿದ್ದವು. ಒಂದೆರಡು ಬುಟ್ಟಿಯ ಮೇಲೆ ಹತ್ತಿ ಕೂತವು. ಅವುಗಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಅಪ್ಪ ಹೇಳಿದ್ದು ಅಷ್ಟರ ಮಟ್ಟಿಗೆ ಪೂರಾ ಸರಿಯಾಗಿತ್ತು.

ಕೋಳಿ ಸತ್ತದ್ದು ಒಂದು ಮಧ್ಯಾಹ್ನ. ಕತ್ತು ಬೆನ್ನಿನ ಕಡೆ ತಿರುಗಿತ್ತು. ಅತ್ತೆ ಅದನ್ನು ನೇರ ಮಾಡಲು ನೋಡಿದರು, ನಿಲ್ಲಲಿಲ್ಲ. ಕಾಲಿನ ದಾರ ಬಿಚ್ಚಲಿಲ್ಲ. ನುಗ್ಗೆ ಮರದ ಬುಡದಲ್ಲಿ, ಮೊಟ್ಟೆ ಹಾಕಿದ್ದ ಜಾಗದ ಪಕ್ಕದಲ್ಲೇ ಅಪ್ಪ ಗುಣಿ ತೋಡಿದರು.

"ಅವತ್ತು ಆ ಮೊಟ್ಟೆ ತೆಗೆಸಬಾರದಿತ್ತು ಕಣಕ್ಕ" ಎಂದರು, ಹಾರೆ ಹಿಡಿದೇ.

ಅತ್ತೆ ಅವರನ್ನು ಬಯ್ಯಲಿಲ್ಲ. "ತೆಗೆದೋಳು ನಾನು" ಎಂದರು. ಗುಣಿಗೆ ಮಣ್ಣು ಎಳೆಯುತ್ತಾ, "ಸೂಜಿ ಇದೆ ಅಂತ ಬುಟ್ಟಿ ಬಿಟ್ವಿ. ಮೀಸಲು ಅಂತ ಸೂಜಿ ಬಿಟ್ವಿ. ಅವಳಿಗೆ ಎರಡೂ ಇಲ್ದಂಗಾಯ್ತು" ಎಂದರು. ಆಮೇಲೆ ಈ ವಿಷಯದಲ್ಲಿ ಅವರು ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದು ನಾನು ಕೇಳಿಲ್ಲ. ದೇವಿಯನ್ನೂ ಬಯ್ಯಲಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡಿಕೊಂಡಿದ್ದರೆ ಮನೆಗೆ ಹಗುರವಾಗುತ್ತಿತ್ತೇನೋ.

ಬಿಳಿ ಕೋಳಿಗಳು ದೊಡ್ಡವಾಗಿ ಮೊಟ್ಟೆಗೆ ಬಂದವು. ಹೇಳಿದ್ದಕ್ಕಿಂತ ಹೆಚ್ಚೇ ಇಟ್ಟವು. ನಾವು ಬೆಳಿಗ್ಗೆ ಮೊಟ್ಟೆ ತಿಂದು ಶಾಲೆಗೆ ಹೋದೆವು. ಅತ್ತೆ ಒಂದು ಕೋಳಿಯಾದರೂ ಕಾವಿಗೆ ಬರಲಿ ಎಂದು ಕಾದರು. ಬರಲಿಲ್ಲ. ಮಂಕರಿಯಲ್ಲಿ ಬೂದಿ, ಹುಲ್ಲು, ಇದ್ದಿಲು, ಮೊಳೆ ಎಲ್ಲ ಇಟ್ಟು, ಮೊಟ್ಟೆ ಇಟ್ಟು, ಅದರ ಮೇಲೆ ಒಂದು ಬಿಳಿ ಕೋಳಿಯನ್ನು ಕೂರಿಸಿದರು. ಅದು ಎದ್ದು ಹೋಯಿತು. ಮೇಲೆ ಬುಟ್ಟಿ ಕವುಚಿ ನೋಡಿದರು. ತೆಗೆದಾಗ ಮೊಟ್ಟೆ ತುಳಿದು ಒಡೆದಿತ್ತು. ಇನ್ನೊಂದನ್ನು ಕೂರಿಸಿದರು. ಅದೂ ಹಾಗೆಯೇ. ಕಾಂಪೌಂಡರು ಮುಂದೊಮ್ಮೆ ಬಂದಾಗ, ಈ ಜಾತಿಗೆ ಕಾವು ಕೂರುವ ಗುಣ ಇರುವುದಿಲ್ಲ, ಹೆಚ್ಚು ಮೊಟ್ಟೆ ಇಡಲಿ ಎಂದೇ ಅದನ್ನು ತೆಗೆದು ಬೆಳೆಸಿದ್ದಾರೆ ಎಂದರು. ಗೆದ್ದಲು ತಿನ್ನುವುದು, ಲಂಟಾನದ ಕೆಳಗೆ ಅಡಗುವುದು, ಸಂಜೆ ನುಗ್ಗೆ ಮರ ಹತ್ತುವುದು, ಎಲ್ಲವನ್ನೂ ಅವು ಕಂದು ಕೋಳಿಯಿಂದ ಕಲಿತಿದ್ದವು. ಕಲಿಯಲಾಗದ್ದು ಅದೊಂದೇ.

ಅಪ್ಪ ಭಾನುವಾರಗಳಲ್ಲಿ ಸೈಕಲ್ ತೆಗೆದುಕೊಂಡು ಹೋಗುತ್ತಿದ್ದರು. ಎಲ್ಲಿಗೆಂದು ಹೇಳುತ್ತಿರಲಿಲ್ಲ. ಅತ್ತೆಯ ಗಂಡನ ಊರಿನಲ್ಲಿ, ಸುಬ್ರಹ್ಮಣ್ಯಪುರದ ಸುತ್ತ, ಹೊಂಬಣ್ಣದ ಕತ್ತಿನ ಕೋಳಿ ಎಲ್ಲಾದರೂ ಉಳಿದಿದೆಯೇ ಎಂದು ಕೇಳಿ ಬರುತ್ತಿದ್ದರೆಂದು ಆಮೇಲೆ ಅಮ್ಮ ಹೇಳಿದರು. ಜಡ್ಡು ಅಲ್ಲಿಗೂ ಹೋಗಿತ್ತು.

ಮುಂದಿನ ವರ್ಷ ಮತ್ತೆ ಫಾರಮ್ಮಿನಿಂದ ಮರಿ ಬಂದವು. ಅಷ್ಟರಲ್ಲಿ ಮನೆಗೆ ಕರೆಂಟು ಬಂದಿತ್ತು. ಅವು ಬಲ್ಬಿನ ಕೆಳಗೆ ಬೆಳೆದವು. ಹಿತ್ತಿಲಿಗೆ ಬಿಟ್ಟ ಮೊದಲ ದಿನವೇ ಹದ್ದು ಒಂದನ್ನು ಎತ್ತಿಕೊಂಡು ಹೋಯಿತು. ದೊಡ್ಡ ಬಿಳಿ ಕೋಳಿಗಳು ನೆರಳು ಕಂಡ ಕೂಡಲೇ ಬೇಲಿಗೆ ಓಡಿದವು. ಹಿಂದೆ ತಿರುಗಿ ಯಾರನ್ನೂ ಕರೆಯಲಿಲ್ಲ. ಮರಿಗಳು ಬಯಲಿನಲ್ಲಿ ನಿಂತು ಮೇಲೆ ನೋಡುತ್ತಿದ್ದವು.

ಮರುದಿನದಿಂದ ಅತ್ತೆ ಬೆಳಿಗ್ಗೆ ಹಿತ್ತಿಲಿಗೆ ಹೋಗಿ ನಿಲ್ಲತೊಡಗಿದರು. ಆಕಾಶದಲ್ಲಿ ಏನಾದರೂ ಸುಳಿದರೆ ಗಂಟಲಿನಿಂದ ಒಂದು ಉದ್ದನೆಯ, ನಡುಗುವ ಸದ್ದು ಮಾಡಿ, ಸೆರಗನ್ನು ರೆಕ್ಕೆಯ ಹಾಗೆ ಹಿಡಿದು ಲಂಟಾನದ ಕಡೆ ಬಾಗಿ ಓಡುತ್ತಿದ್ದರು. ಪಕ್ಕದ ಮನೆಯಾಕೆ ಮೊದಲ ದಿನ ನಕ್ಕಳು, ಆಮೇಲೆ ನಗಲಿಲ್ಲ. ಆ ಸದ್ದು ಕಂದು ಕೋಳಿಯದೇ ಎಂದು ಕಣ್ಣು ಮುಚ್ಚಿದರೆ ಯಾರು ಬೇಕಾದರೂ ಹೇಳಬಹುದಿತ್ತು. ಕೆಲವು ಮರಿಗಳು ಅವರ ಹಿಂದೆ ಓಡುತ್ತಿದ್ದವು, ಕೆಲವು ನಿಂತಲ್ಲೇ ನಿಂತಿರುತ್ತಿದ್ದವು. ಅಪ್ಪ ಕಚೇರಿಗೆ ಹೊರಟವರು ಸೈಕಲ್ ಹಿಡಿದು ಹಿತ್ತಿಲ ಬಾಗಿಲಲ್ಲಿ ಅಷ್ಟು ಹೊತ್ತು ನಿಲ್ಲುತ್ತಿದ್ದರು. ಸೈಕಲ್ ಗೋಡೆಗೆ ಒರಗಿಸಿ ಬಂದು, ನಿಂತಲ್ಲೇ ಇದ್ದ ಮರಿಗಳನ್ನು ಎರಡೂ ಕೈಯಲ್ಲಿ ಮೆಲ್ಲಗೆ ಅಟ್ಟಿಕೊಂಡು, ಅತ್ತೆ ಬಾಗಿದ್ದ ಪೊದೆಯ ಕಡೆಗೆ ಸೇರಿಸಿ, ಆಮೇಲೆ ಹೊರಡುತ್ತಿದ್ದರು.